ಸಾಲನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸಿದವರು

ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಸ್ವಂತ ಕಾರು, ಬೈಕು ಬಿಡುವುದಿಲ್ಲ. ಲಲಿತಮಹಲ್ ಅರಮನೆಯ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಅಲ್ಲಿಂದ ಸಾರಿಗೆ ಬಸ್ಸು ಹತ್ತಬೇಕು. ಇಲ್ಲವೇ ದೊಡ್ಡ ದೇವರಾಜ ಒಡೆಯರ ಕಾಲದ, ಸಾವಿರದಷ್ಟಿರುವ ಮೆಟ್ಟಿಲುಗಳನ್ನು ಹತ್ತಿ, ನಡುದಾರಿಯ ನಂದಿಗೆ ಕೈಮುಗಿದು ಮೇಲೆ ಹೋಗಬೇಕು. ಹೊರಗಿನಿಂದ ಬಂದವರಿಗೆ ಇದು ಕಿರಿಕಿರಿ. ರಸ್ತೆ ಇದೆ, ಕಾರಿದೆ, ತಡೆಯುವುದೇಕೆ ಎಂದು ಪೊಲೀಸರ ಜೊತೆ ವಾದಕ್ಕಿಳಿಯುತ್ತಾರೆ.

ತಡೆಯುವುದರ ಹಿಂದೆ ಗಟ್ಟಿಯಾದ ಲೆಕ್ಕವೊಂದಿದೆ. ಗರ್ಭಗುಡಿಯ ಎದುರು ನಿಮಿಷಕ್ಕೆ ಇಷ್ಟೇ ಜನ ಹಾದುಹೋಗಲು ಸಾಧ್ಯ. ರಸ್ತೆಯಲ್ಲಿ ಎಷ್ಟು ಕಾರು ಮೇಲೇರಿದರೂ ಆ ಅಂಕಿ ಬದಲಾಗದು. ಮಿತಿಗಿಂತ ಹೆಚ್ಚು ಜನ ಮೇಲೆ ಹೋದರೆ ಯಾರಿಗೂ ದರ್ಶನ ಬೇಗ ಆಗುವುದಿಲ್ಲ. ತುದಿಯ ಇಕ್ಕಟ್ಟಿನ ಜಾಗ ತುಂಬುತ್ತದೆ, ಇಳಿಯಬೇಕಾದ ಬಸ್ಸಿಗೂ ದಾರಿ ಸಿಗುವುದಿಲ್ಲ, ಮಕ್ಕಳನ್ನು ಎತ್ತಿಕೊಂಡವರು ಬಿಸಿಲಿನಲ್ಲಿ ನಿಂತೇ ಇರುತ್ತಾರೆ. ಕಾಯುವುದು ಹೇಗೂ ತಪ್ಪದು. ಜನರನ್ನು ಬೆಟ್ಟದ ತುದಿಯಲ್ಲಿ ಕಾಯಿಸಬೇಕೋ, ವಿಶಾಲ ಮೈದಾನವಿರುವ ಬುಡದಲ್ಲಿ ಕಾಯಿಸಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಮೈಸೂರಿನವರು ಬುಡವನ್ನು ಆರಿಸಿಕೊಂಡಿದ್ದಾರೆ. ಮೈದಾನದಲ್ಲಿ ಕಾಯುವವರು ಕುಳಿತುಕೊಳ್ಳಬಹುದು, ಏನಾದರೂ ತಿನ್ನಬಹುದು, ಮನಸ್ಸು ಬದಲಾದರೆ ಮನೆಗೂ ಹೋಗಬಹುದು.

ಇದೇ ಲೆಕ್ಕ ಸಾಫ್ಟ್‌ವೇರ್ ಬರೆಯುವವರ ಲೋಕಕ್ಕೆ ಹೊಳೆದದ್ದು ಬಹಳ ತಡವಾಗಿ, 2004ರಲ್ಲಿ. ಹೊಳೆಯಲು ಕಾರಣವಾದದ್ದು ಹೈದರಾಬಾದ್‌ನಲ್ಲಿ ಕುಳಿತಿದ್ದ ಏಳು ಜನರ ಪುಟ್ಟ ತಂಡ. ಆ ಕತೆಯನ್ನು ನಮ್ಮಲ್ಲಿ ಹೇಳಿದ್ದು ಕಡಿಮೆ. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಅದೇ ಬಗೆಯ ಕೆಲಸ ಮಾಡುತ್ತಾ ಅದೇ ಬಗೆಯಲ್ಲಿ ನವೆಯುತ್ತಿರುವ ಎಷ್ಟೋ ತಂಡಗಳಿಗೆ ಅದು ತಲುಪಬೇಕು ಎಂಬ ಆಸೆ ನನ್ನದು.

ಒಂದು ದೊಡ್ಡ ಕಂಪನಿಯಲ್ಲಿ ಹೊರಗಿನ ಗ್ರಾಹಕರಿಗೆ ಮಾರುವ ಸಾಫ್ಟ್‌ವೇರ್ ಬೇರೆ, ಮನೆಯೊಳಗಿನ ಬಳಕೆಯ ಸಾಫ್ಟ್‌ವೇರ್ ಬೇರೆ. ರಜೆ ಅರ್ಜಿ, ಪ್ರಯಾಣದ ಖರ್ಚು, ಸಿಬ್ಬಂದಿಯ ವಿವರ, ಒಳಗಿನ ಲೆಕ್ಕಪತ್ರ, ಹೀಗೆ ನೂರು ಕೆಲಸಕ್ಕೆ ನೂರು ಪುಟ್ಟ ಸಾಧನಗಳಿರುತ್ತವೆ. ಅವನ್ನು ನೋಡಿಕೊಳ್ಳುವ ತಂಡ ಯಾವಾಗಲೂ ಸಣ್ಣದು, ಕೇಳುವವರು ಮಾತ್ರ ಇಡೀ ಕಂಪನಿ. ನಮ್ಮ ವಿಭಾಗಕ್ಕೊಂದು ಕಾಲಂ ಸೇರಿಸಿ, ಈ ರಿಪೋರ್ಟು ಎಕ್ಸೆಲ್‌ನಲ್ಲಿ ಬರಲಿ, ನಮ್ಮ ಸಾಹೇಬರಿಗೆ ಬೇರೆ ಅನುಮತಿ ಕೊಡಿ. ಒಂದೊಂದು ಕೋರಿಕೆಯೂ ಸಣ್ಣದು, ನ್ಯಾಯವಾದದ್ದು. ಬೇಡ ಎನ್ನಲು ಕಾರಣವೇ ಕಾಣುವುದಿಲ್ಲ. ಕೇಳಿದವರೂ ಪಕ್ಕದ ಮಹಡಿಯವರು, ಊಟದ ಹೊತ್ತಿಗೆ ಎದುರು ಸಿಗುವವರು. ಹಾಗಾಗಿ ತಂಡ ಎಲ್ಲಕ್ಕೂ ಹೂಂ ಎನ್ನುತ್ತದೆ. ವರ್ಷ ಕಳೆಯುವುದರೊಳಗೆ ಯಾವ ಕೋರಿಕೆಯೂ ಮುಗಿಯದ ಸ್ಥಿತಿಗೆ ಬಂದು ನಿಲ್ಲುತ್ತದೆ.

ಅಮೆರಿಕದ ರೆಡ್ಮಂಡ್‌ನಲ್ಲಿರುವ ಮೈಕ್ರೋಸಾಫ್ಟ್‌ನಲ್ಲಿ ಎಕ್ಸ್‌ಐಟಿ ಎಂಬ ಗುಂಪಿತ್ತು. ಕಂಪನಿಯ ನೌಕರರೇ ಬಳಸುತ್ತಿದ್ದ ಸುಮಾರು 80 ಸಾಫ್ಟ್‌ವೇರ್‌ಗಳ ದುರಸ್ತಿ ಮತ್ತು ಸಣ್ಣಪುಟ್ಟ ಸೇರ್ಪಡೆ ಅದರ ಹೊಣೆ. ಕೆಲಸ ನಡೆಯುತ್ತಿದ್ದದ್ದು ಹೈದರಾಬಾದ್‌ನ ಹೊರಗುತ್ತಿಗೆ ಕಂಪನಿಯೊಂದರಲ್ಲಿ. ಮೂವರು ಡೆವಲಪರ್‌ಗಳು, ಮೂವರು ಟೆಸ್ಟರ್‌ಗಳು, ಅವರನ್ನು ನೋಡಿಕೊಳ್ಳಲು ಒಬ್ಬ ಮ್ಯಾನೇಜರ್. ಕೋರಿಕೆ ಕಳುಹಿಸುವವರು ಇದ್ದದ್ದು ಅಲ್ಲಿಂದ ಹನ್ನೆರಡು ಗಂಟೆಗೂ ಮೀರಿದ ಗಡಿಯಾರದ ಅಂತರದಲ್ಲಿ. ಐಟಿ ವಿಭಾಗದಲ್ಲಿ ಈ ತಂಡಕ್ಕಿದ್ದದ್ದು ಅತ್ಯಂತ ಕೆಟ್ಟ ಹೆಸರು. ಬಾಕಿ ಪಟ್ಟಿಯಲ್ಲಿ 80 ದಾಟಿದ ಕೋರಿಕೆಗಳು. ಒಂದು ಕೋರಿಕೆ ಒಳಗೆ ಹೋಗಿ ಕೆಲಸವಾಗಿ ಹೊರಬರಲು ಸರಾಸರಿ ಐದು ತಿಂಗಳು. ಕೊಟ್ಟ ಗಡುವಿಗೆ ಸರಿಯಾಗಿ ಮುಗಿದದ್ದು ಹೆಚ್ಚುಕಡಿಮೆ ಸೊನ್ನೆ.

ಇಂಥ ಸ್ಥಿತಿಯಲ್ಲಿ ಯಾರೇ ಆದರೂ ಮೊದಲು ಅನುಮಾನಿಸುವುದು ಕೆಲಸ ಮಾಡುವವರನ್ನು. ದೂರದ ಊರಿನವರು, ಗುತ್ತಿಗೆಯವರು, ಬಹುಶಃ ಕಲಿತದ್ದು ಸಾಲದು ಎಂಬ ಮಾತು ಬೇಗ ಹುಟ್ಟುತ್ತದೆ. ಆದರೆ ಆ ತಂಡ ಸಾಫ್ಟ್‌ವೇರ್ ಗುಣಮಟ್ಟದ ಸಿಎಂಎಂಐ ಎಂಬ ಅಳತೆಗೋಲಿನಲ್ಲಿ ಐದನೆಯ, ಅಂದರೆ ಅತ್ಯುನ್ನತ ಹಂತ ಮುಟ್ಟಿದ್ದ ಸಂಸ್ಥೆಯದು. ಬರೆದ ಕೋಡಿನಲ್ಲಿ ದೋಷ ಕಡಿಮೆ, ಶಿಸ್ತು ಹೆಚ್ಚು. ಈ ಸಂಗತಿಯೇ ಕತೆಯ ತಿರುಳು ಎಂದು ನನಗೆ ಅನ್ನಿಸುತ್ತದೆ. ಕುಶಲರಾದ, ಶ್ರದ್ಧೆಯಿಂದ ದುಡಿಯುವ ಏಳು ಜನ ಕಂಪನಿಯಲ್ಲೇ ಅತ್ಯಂತ ನಿಧಾನದವರು ಎನ್ನಿಸಿಕೊಂಡಿದ್ದರು. ಅವರನ್ನು ಬದಲಿಸಿದ್ದರೆ ಹೊಸಬರೂ ಅದೇ ಗತಿ ಕಾಣುತ್ತಿದ್ದರು.

2004ರಲ್ಲಿ ಈ ತಂಡದ ಹೊಣೆ ಹೊತ್ತವರು ಡ್ರಾಗೋಸ್ ಡುಮಿಟ್ರಿಯು. ಯಾರಿಗೂ ಬೇಡವಾಗಿದ್ದ ಜವಾಬ್ದಾರಿಯನ್ನು ಅವರು ತಾವಾಗಿಯೇ ಕೇಳಿ ಪಡೆದರು. ಅದೇ ವರ್ಷ ಮೈಕ್ರೋಸಾಫ್ಟ್ ಸೇರಿದ್ದ ಸ್ಕಾಟ್ಲೆಂಡ್ ಮೂಲದ ಡೇವಿಡ್ ಆಂಡರ್ಸನ್, 2003ರಲ್ಲಿ ಸಾಫ್ಟ್‌ವೇರ್ ನಿರ್ವಹಣೆಯ ಬಗ್ಗೆ ಪುಸ್ತಕವೊಂದನ್ನು ಬರೆದಿದ್ದರು. ಡ್ರಾಗೋಸ್ ಅದನ್ನು ಓದಿ ನೆರವು ಕೇಳಿಕೊಂಡು ಅವರ ಬಳಿ ಹೋದರು. ಒಂದು ಕೋರಿಕೆ ಬಂದ ಗಳಿಗೆಯಿಂದ ಮುಗಿಯುವವರೆಗೆ ಯಾರ್ಯಾರ ಕೈ ದಾಟುತ್ತದೆ ಎಂದು ಹರಿವಿನ ಚಿತ್ರ ಬರೆದು ತೋರಿಸಿದರು.

ಚಿತ್ರ ಬರೆದಾಗ ಕಂಡದ್ದು ಹೀಗಿತ್ತು. ಪ್ರತಿ ಕೋರಿಕೆ ಬಂದ 48 ಗಂಟೆಯೊಳಗೆ ಅದಕ್ಕೆ ಎಷ್ಟು ಶ್ರಮ ಬೇಕು ಎಂಬ ಅಂದಾಜನ್ನು ತಂಡ ಒಪ್ಪಿಸಬೇಕಿತ್ತು. ಅಂದಾಜು ಹಾಕುವುದು ಬಾಯಿಮಾತಿನ ಕೆಲಸವಲ್ಲ. ಒಬ್ಬ ಡೆವಲಪರ್, ಒಬ್ಬ ಟೆಸ್ಟರ್ ಕೈಯಲ್ಲಿದ್ದ ಕೆಲಸ ಬಿಟ್ಟು, ಹಳೆಯ ಕೋಡು ತೆರೆದು, ಎಲ್ಲೆಲ್ಲಿ ಕೈಹಾಕಬೇಕಾಗುತ್ತದೆ ಎಂದು ಹುಡುಕಿ, ಬರೆದು ಕಳುಹಿಸಬೇಕು. ಹೆಚ್ಚುಕಡಿಮೆ ಇಬ್ಬರ ಒಂದೊಂದು ದಿನ ಹೋಗುತ್ತಿತ್ತು. ಎರಡು ದಿನದ ಗಡುವು ಇದ್ದದ್ದರಿಂದ ಅಂದಾಜಿಗೇ ಸದಾ ಮೊದಲ ಮಣೆ, ಅರ್ಧಕ್ಕೆ ನಿಂತ ನಿಜವಾದ ಕೆಲಸ ಆಮೇಲೆ. ಹೀಗೆ ತಂಡದ ಶಕ್ತಿಯಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಅಂದಾಜಿನಲ್ಲೇ ಕರಗುತ್ತಿತ್ತು. ಅಂದಾಜು ಹಾಕಿಸಿಕೊಂಡ ಕೋರಿಕೆಗಳಲ್ಲಿ ಸುಮಾರು ಅರ್ಧದಷ್ಟನ್ನು ಮುಂದೆ ಯಾರೂ ಮಾಡಿಸುತ್ತಲೇ ಇರಲಿಲ್ಲ. ದುಬಾರಿ ಎಂದೋ, ದೊಡ್ಡದಾಯಿತು ಎಂದೋ, ಅಷ್ಟು ಲಾಭವಿಲ್ಲ ಎಂದೋ ಬಿಟ್ಟುಬಿಡುತ್ತಿದ್ದರು.

ಇನ್ನೊಂದು ಅಂಕಿ ಇನ್ನೂ ಬೆರಗು ಹುಟ್ಟಿಸುವಂಥದ್ದು. ಸರಾಸರಿ ಕೋರಿಕೆಯೊಂದಕ್ಕೆ ಬೇಕಾಗುತ್ತಿದ್ದ ನಿಜವಾದ ದುಡಿಮೆ ಸುಮಾರು 11 ದಿನ. ಅದು ಒಳಗಿರುತ್ತಿದ್ದದ್ದು 155 ದಿನ. ಉಳಿದಷ್ಟೂ ದಿನ ಯಾರ ಕೈಯೂ ತಾಗದೆ ಬಿದ್ದಿರುತ್ತಿತ್ತು. ಬಿದ್ದಿರುವಾಗಲೂ ಅದು ಸುಮ್ಮನಿರುವುದಿಲ್ಲ. ಎಲ್ಲಿಗೆ ಬಂತು ಎಂದು ಕೇಳುವ ಮೇಲ್ ಬರುತ್ತದೆ, ಉತ್ತರ ಬರೆಯಬೇಕು. ತಿಂಗಳ ಸಭೆಯಲ್ಲಿ ಎಲ್ಲರ ಕೋರಿಕೆಯ ಕ್ರಮವನ್ನೂ ಮತ್ತೆ ಜೋಡಿಸಬೇಕು. ಕ್ರಮ ಬದಲಾದರೆ ಹಳೆಯ ಗಡುವುಗಳೆಲ್ಲ ಸುಳ್ಳಾಗುತ್ತವೆ, ಹೊಸ ಗಡುವು ಬರೆಯಬೇಕು. ಕಾಯುತ್ತಿರುವ ಕೆಲಸ ತಾನೇ ಒಂದು ಕೆಲಸವಾಗುತ್ತದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1961ರಲ್ಲಿ ಅಮೆರಿಕದ ಕೇಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಮಾಡುತ್ತಿದ್ದ ಜಾನ್ ಲಿಟಲ್, ಸಾಲುಗಳ ಗಣಿತದ ಬಗ್ಗೆ ಎಲ್ಲರೂ ನಂಬಿದ್ದ, ಆದರೆ ಸಾಮಾನ್ಯ ರೂಪದಲ್ಲಿ ಸಾಧಿಸದೆ ಬಿಟ್ಟಿದ್ದ ಒಂದು ಸೂತ್ರಕ್ಕೆ ಸಾಧನೆ ಕೊಟ್ಟರು. ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬರು ಅದನ್ನು ಸಾಧಿಸುವುದು ಎಷ್ಟು ಕಷ್ಟ ಎಂದು ಕೇಳಿದ್ದೇ ನಿಮಿತ್ತ. ಅಷ್ಟೇನೂ ಕಷ್ಟವಿರಲಾರದು ಎಂದದ್ದಕ್ಕೆ, ಹಾಗಾದರೆ ನೀವೇ ಮಾಡಿ ಎಂಬ ಉತ್ತರ ಬಂತಂತೆ. ಸೂತ್ರ ಸರಳ. ಒಳಗಿರುವವರ ಸಂಖ್ಯೆಯನ್ನು, ಹೊತ್ತಿಗೆ ಎಷ್ಟು ಮಂದಿ ಹೊರಬರುತ್ತಾರೆ ಎಂಬುದರಿಂದ ಭಾಗಿಸಿದರೆ ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಹೊತ್ತು ಸಿಗುತ್ತದೆ.

ಬೆಟ್ಟದ ಮೇಲೆ ಇಟ್ಟು ನೋಡೋಣ. ಗುಡಿಯ ಆವರಣದ ಸಾಲಿನಲ್ಲಿ 3,000 ಜನರಿದ್ದು, ನಿಮಿಷಕ್ಕೆ 30 ಜನ ದರ್ಶನ ಮುಗಿಸಿ ಹೊರಬರುತ್ತಾರೆ ಎಂದುಕೊಳ್ಳಿ. ಸಾಲಿನ ಕೊನೆಗೆ ಸೇರಿದವರಿಗೆ 100 ನಿಮಿಷ. ಕರುಣೆ ತೋರಿ 9,000 ಜನರನ್ನು ಒಳಗೆ ಬಿಟ್ಟರೆ 300 ನಿಮಿಷ, ಅಂದರೆ ಐದು ಗಂಟೆ. ಅರ್ಚಕರು ಸೋಮಾರಿಗಳಾಗಲಿಲ್ಲ, ದೇವಿ ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗೆ ಬಿಟ್ಟವರ ಸಂಖ್ಯೆಯೊಂದೇ ಬದಲಾದದ್ದು. ಲಿಟಲ್ ಸೂತ್ರದಲ್ಲಿ ಜನರ ಸ್ವಭಾವಕ್ಕೆ, ಕೌಶಲಕ್ಕೆ, ಅವಸರಕ್ಕೆ ಜಾಗವೇ ಇಲ್ಲ. ಒಳಗಿನ ಸಂಖ್ಯೆ ಇಳಿಸಿದರೆ ಕಾಯುವ ಹೊತ್ತು ಇಳಿಯುತ್ತದೆ.

ಆಂಡರ್ಸನ್ ಆಗ ಹೆಚ್ಚು ಒಲಿದಿದ್ದದ್ದು ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಅವರ ವಿಚಾರಕ್ಕೆ. ಕಾರ್ಖಾನೆಗಳ ಬಗ್ಗೆ ಗೋಲ್ಡ್‌ರಾಟ್ 1984ರಲ್ಲಿ ಕಾದಂಬರಿಯ ರೂಪದಲ್ಲೇ ಪುಸ್ತಕ ಬರೆದವರು. ಅವರ ಮಾತನ್ನು ನಾವು ಬೆಟ್ಟದ ಮೆಟ್ಟಿಲಿನ ಮೇಲೆ ಹೇಳಿಕೊಳ್ಳಬಹುದು. ಮನೆಯವರೆಲ್ಲ ಸೇರಿ ಮೆಟ್ಟಿಲು ಹತ್ತುವಾಗ ಹುಡುಗರು ಓಡಿ ನಂದಿಯ ಹತ್ತಿರ ಮುಟ್ಟಿಬಿಡುತ್ತಾರೆ, ಅಜ್ಜಿ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಬರುತ್ತಾರೆ. ಮನೆಯವರು ಮೇಲೆ ತಲುಪಿದರು ಎನ್ನುವುದು ಅಜ್ಜಿ ತಲುಪಿದಾಗಲೇ. ಹುಡುಗರ ಓಟದಿಂದ ಒಂದು ನಿಮಿಷವೂ ಉಳಿಯಲಿಲ್ಲ, ಗುಂಪು ಚದುರಿದ್ದಷ್ಟೇ ಬಂತು. ಹಾಗಾಗಿ ಅಜ್ಜಿಯ ನಡಿಗೆಗೆ ಎಲ್ಲರ ನಡಿಗೆಯನ್ನೂ ಹೊಂದಿಸಬೇಕು, ಆಮೇಲೆ ಅಜ್ಜಿಯ ಕೈಯಲ್ಲಿರುವ ಚೀಲವನ್ನು ಯಾರಾದರೂ ತೆಗೆದುಕೊಳ್ಳಬೇಕು. ಎಕ್ಸ್‌ಐಟಿಯಲ್ಲಿ ಅಜ್ಜಿಯ ಜಾಗದಲ್ಲಿದ್ದವರು ಡೆವಲಪರ್‌ಗಳು. ಅವರ ಕೈಯಲ್ಲಿದ್ದ ಭಾರದ ಚೀಲ, ಅಂದಾಜು.

ಡ್ರಾಗೋಸ್ ಮತ್ತು ಆಂಡರ್ಸನ್ ಹುಡುಕಿಕೊಂಡ ಪರಿಹಾರ ಒಂದು ವಾಕ್ಯದಲ್ಲಿ ಹೇಳುವಷ್ಟು ಸಣ್ಣದು. ಅಂದಾಜು ಹಾಕುವುದನ್ನು ನಿಲ್ಲಿಸಿ, ಒಳಗೆ ಬಿಡುವ ಕೋರಿಕೆಗಳಿಗೆ ಮಿತಿ ಹಾಕಿ. ಒಳಗಿರುವ ಕೆಲಸ ಮುಗಿದು ಜಾಗ ಖಾಲಿಯಾದಾಗ ಮಾತ್ರ ಹೊರಗಿನಿಂದ ಮುಂದಿನದನ್ನು ತೆಗೆದುಕೊಳ್ಳಬೇಕು. ಒಮ್ಮೆ ಒಳಗೆ ಬಂದದ್ದನ್ನು 25 ದಿನದೊಳಗೆ ಮುಗಿಸಿ ಕೊಡುತ್ತೇವೆ ಎಂಬ ಮಾತು. ಹೊರಗಿರುವುದಕ್ಕೆ ಯಾವ ಮಾತೂ ಇಲ್ಲ, ಗಡುವೂ ಇಲ್ಲ, ಅದರ ಮೇಲೆ ಒಂದು ಗಂಟೆಯನ್ನೂ ಖರ್ಚು ಮಾಡುವುದಿಲ್ಲ.

ಹೇಳುವುದು ಸುಲಭ, ಒಪ್ಪಿಸುವುದು ಕಷ್ಟ. ಬೇರೆ ಬೇರೆ ವಿಭಾಗಗಳ ಪರವಾಗಿ ಕೋರಿಕೆ ತರುತ್ತಿದ್ದ ನಾಲ್ವರು ಪ್ರಾಡಕ್ಟ್ ಮ್ಯಾನೇಜರ್‌ಗಳಿದ್ದರು. ಅಂದಾಜೇ ಇಲ್ಲದಿದ್ದರೆ ಖರ್ಚು ಗೊತ್ತಾಗುವುದು ಹೇಗೆ, ಖರ್ಚು ಗೊತ್ತಿಲ್ಲದೆ ಲಾಭ ಲೆಕ್ಕ ಹಾಕುವುದು ಹೇಗೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಅದಕ್ಕಿಂತ ಸರಿಯಾಗಿತ್ತು. ಹೈದರಾಬಾದ್ ತಂಡದ ಗುತ್ತಿಗೆ ವರ್ಷದ್ದು, ಹಣ ಆಗಲೇ ಗೊತ್ತುಮಾಡಿದ್ದು. ಒಂದು ಕೋರಿಕೆ ಹೆಚ್ಚು ಮಾಡಿದರೂ ಕಡಿಮೆ ಮಾಡಿದರೂ ಕಂಪನಿ ತೆರುವುದು ಅಷ್ಟೇ. ಹೀಗಿರುವಾಗ ಒಂದೊಂದಕ್ಕೂ ಪ್ರತ್ಯೇಕ ಖರ್ಚು ಬರೆಯುವುದು ಕಾಗದದ ಮೇಲಿನ ಲೆಕ್ಕ ಮಾತ್ರ. ಗಾತ್ರದ ಬಗ್ಗೆಯೂ ಹಳೆಯ ದಾಖಲೆಗಳಲ್ಲೇ ಉತ್ತರ ಸಿಕ್ಕಿತು. ಸಾಮಾನ್ಯ ಕೋರಿಕೆ 15 ದಿನದ ಶ್ರಮವನ್ನು ಮೀರುತ್ತಿರಲಿಲ್ಲ. ಮೀರುವಂಥದ್ದು ಈ ತಂಡಕ್ಕೆ ಸೇರಿದ್ದೇ ಅಲ್ಲ, ಅದನ್ನು ಬೇರೆ ಯೋಜನೆಯಾಗಿ ನಡೆಸಬೇಕು.

ಮ್ಯಾನೇಜರ್‌ಗಳ ಮುಂದೆ ಈಗ ಉಳಿದದ್ದು ಒಂದೇ ಪ್ರಶ್ನೆ. ಒಂದು ಜಾಗ ಖಾಲಿಯಾಗಿದೆ, ನಿಮ್ಮ ನಾಲ್ವರ ಪಟ್ಟಿಯಲ್ಲಿ ಇಂದಿನಿಂದ 25 ದಿನದಲ್ಲಿ ಯಾವುದು ಕೈಗೆ ಬಂದರೆ ಕಂಪನಿಗೆ ಹೆಚ್ಚು ಉಪಯೋಗ? ತಿಂಗಳಿಗೊಮ್ಮೆ 80 ಕೋರಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಜೋಡಿಸುವ ಜಗಳ ತಪ್ಪಿತು. ವಾರಕ್ಕೊಮ್ಮೆ ಒಂದೋ ಎರಡೋ ಆರಿಸುವುದು ಸಾಕಾಯಿತು. ಹೊರಗೆ ಕಾಯುತ್ತಿರುವ ಕೋರಿಕೆಯನ್ನು ತಿದ್ದಬಹುದು, ಹಿಂದಕ್ಕೆ ಪಡೆಯಬಹುದು, ಬೇರೆಯದನ್ನು ಮುಂದಿಡಬಹುದು. ಯಾರೂ ಅದರ ಮೇಲೆ ದುಡಿದಿಲ್ಲವಾದ್ದರಿಂದ ಯಾರಿಗೂ ನಷ್ಟವಿಲ್ಲ. ಆರು ತಿಂಗಳಾದರೂ ಯಾರೂ ಆರಿಸದ ಕೋರಿಕೆಯನ್ನು ಪಟ್ಟಿಯಿಂದ ತೆಗೆದುಹಾಕುವ ನಿಯಮವೂ ಬಂತು. ಅಷ್ಟು ಮುಖ್ಯವಿದ್ದರೆ ಕೇಳಿದವರು ಮತ್ತೆ ಕೇಳುತ್ತಾರೆ ಎಂಬ ನಂಬಿಕೆ. ಇಂಥ ನಿಯಮ ಬರೆಯಲು ಎದೆಗಾರಿಕೆ ಬೇಕು. ಕೋರಿಕೆಯೊಂದನ್ನು ವರ್ಷಗಟ್ಟಲೆ ಪಟ್ಟಿಯಲ್ಲಿ ಉಳಿಸಿಕೊಂಡಿರುವುದನ್ನು ನಾವು ಸೌಜನ್ಯ ಎಂದುಕೊಂಡಿದ್ದೇವೆ. ಆಗುವುದಿಲ್ಲ ಎಂಬ ಸುದ್ದಿಯನ್ನು ಕೇಳಿದವರಿಂದ ಮುಚ್ಚಿಡುವುದನ್ನು ಸೌಜನ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹರಿವು ನಿಚ್ಚಳವಾದಾಗ ಮತ್ತೊಂದು ಸಂಗತಿ ಬೆಳಕಿಗೆ ಬಂತು. ಡೆವಲಪರ್‌ಗಳ ಮುಂದೆ ಕೆಲಸ ಸಾಲುಗಟ್ಟಿರುತ್ತಿತ್ತು, ಟೆಸ್ಟರ್‌ಗಳಿಗೆ ನಡುನಡುವೆ ಬಿಡುವಿರುತ್ತಿತ್ತು. ಎಲ್ಲರೂ ಸದಾ ಒದ್ದಾಡುತ್ತಿದ್ದ ದಿನಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ಮೂರು ಇದ್ದದ್ದನ್ನು ನಾಲ್ವರು ಡೆವಲಪರ್, ಇಬ್ಬರು ಟೆಸ್ಟರ್ ಎಂದು ಬದಲಿಸಿದರು. ತಂಡದ ಗಾತ್ರ ಹಿಗ್ಗದೆಯೇ ಕೆಲಸ ಮತ್ತಷ್ಟು ಸಲೀಸಾಯಿತು. ಕೆಲವು ಜನರನ್ನು ಸೇರಿಸಿಕೊಂಡದ್ದು ಆಮೇಲೆ, ಸೇರಿಸಿದರೆ ಫಲ ಸಿಗುತ್ತದೆ ಎಂದು ಅಂಕಿಗಳೇ ಹೇಳತೊಡಗಿದ ಮೇಲೆ.

ಫಲ ಬಂದ ವೇಗ ನಂಬುವುದು ಕಷ್ಟ. ತಂಡ ಮುಗಿಸುವ ಕೆಲಸ ಮೂರು ಪಟ್ಟಾಯಿತು. 155 ದಿನ ಇದ್ದ ಅವಧಿ 14 ದಿನಕ್ಕೆ ಇಳಿಯಿತು. 25 ದಿನದ ಮಾತು 100ರಲ್ಲಿ 98 ಸಲ ಉಳಿಯಿತು. ಒಂದು ಬದಲಾವಣೆಗೆ ಬೀಳುತ್ತಿದ್ದ ಖರ್ಚು 7,500 ಡಾಲರ್‌ನಿಂದ 2,900ಕ್ಕೆ ಬಂತು. 2005ರ ನವೆಂಬರ್ 22ರಂದು ಬಾಕಿ ಪಟ್ಟಿ ಪೂರ್ತಿ ಖಾಲಿ. ಕೋಡ್ ಬರೆಯುವ, ಪರೀಕ್ಷಿಸುವ ವಿಧಾನದಲ್ಲಿ ಏನನ್ನೂ ಬದಲಿಸಿರಲಿಲ್ಲ. ಹೈದರಾಬಾದ್‌ನ ಆ ಎಂಜಿನಿಯರ್‌ಗಳು ಮೊದಲಿನಿಂದಲೂ ಇಷ್ಟು ಸಮರ್ಥರೇ ಆಗಿದ್ದರು. ಅದು ಕಾಣುವಂತಾದದ್ದು ಈಗ.

ಆವಿಷ್ಕಾರದ ಕತೆಗಳಲ್ಲಿ ಹೊಳಹು ಮೊದಲು ಬರುತ್ತದೆ, ಪ್ರಯೋಗ ಆಮೇಲೆ ಎಂದು ನಾವು ಎಣಿಸುತ್ತೇವೆ. ಇಲ್ಲಿ ಕ್ರಮ ತಿರುಗುಮುರುಗು. ಎಕ್ಸ್‌ಐಟಿಯಲ್ಲಿ ಮಿತಿ ಜಾರಿಗೆ ಬಂದು ತಿಂಗಳುಗಳು ಕಳೆದ ಮೇಲೆ, 2005ರ ಏಪ್ರಿಲ್ 9ರ ಶನಿವಾರ, ಆಂಡರ್ಸನ್ ಹೆಂಡತಿ ಮಕ್ಕಳೊಂದಿಗೆ ಟೋಕಿಯೋದಲ್ಲಿ ರಜೆಯಲ್ಲಿದ್ದರು. ಚೆರ್ರಿ ಹೂ ಅರಳುವ ಕಾಲ. ಚಕ್ರವರ್ತಿಯ ಅರಮನೆಯ ಪೂರ್ವ ಉದ್ಯಾನಕ್ಕೆ ಹೋದಾಗ ಬಾಗಿಲಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳನ್ನು ಕೊಟ್ಟರು. ಪ್ರವೇಶಕ್ಕೆ ಹಣವಿಲ್ಲ. ಹಾಗಿದ್ದರೆ ಬಿಲ್ಲೆ ಏಕೆ ಎಂಬುದು ಅವರಿಗೆ ತಿಳಿದದ್ದು ಹೊರಬರುವಾಗ, ಬಾಗಿಲಿನವರು ಅದನ್ನು ವಾಪಸು ಪಡೆದಾಗ. ತೋಟದೊಳಗೆ ಎಷ್ಟು ಜನ ನೆಮ್ಮದಿಯಾಗಿ ತಿರುಗಾಡಬಹುದೋ ಅಷ್ಟೇ ಬಿಲ್ಲೆಗಳು. ಕೈಯಲ್ಲಿರುವ ಬಿಲ್ಲೆ ಮುಗಿದರೆ ಮುಂದಿನವರು ಬಾಗಿಲಲ್ಲಿ ನಿಲ್ಲುತ್ತಾರೆ, ಒಬ್ಬರು ಹೊರಬಂದರೆ ಒಬ್ಬರು ಒಳಹೋಗುತ್ತಾರೆ. ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೋ ರೂಢಿಗೆ ತಂದಿದ್ದ ಕಾನ್ಬಾನ್ ಎಂಬ ಚೀಟಿ ಪದ್ಧತಿಯೂ ಇದೇ ಎಂದು ಆಂಡರ್ಸನ್‌ಗೆ ಅಲ್ಲಿ ಹೊಳೆಯಿತು. ಅದು ಕಾರ್ಖಾನೆಗಷ್ಟೇ ಸಲ್ಲುವ ವಿದ್ಯೆಯಲ್ಲ, ತೋಟಕ್ಕೂ ಸಲ್ಲುತ್ತದೆ, ತಾವು ಹೈದರಾಬಾದ್ ತಂಡದೊಂದಿಗೆ ಕಟ್ಟಿದ್ದೂ ಅದನ್ನೇ. 2010ರಲ್ಲಿ ಅವರು ಬರೆದ ಪುಸ್ತಕದಿಂದ ಕಾನ್ಬಾನ್ ಎಂಬ ಹೆಸರು ಜಗತ್ತಿನ ಸಾಫ್ಟ್‌ವೇರ್ ಕಚೇರಿಗಳಿಗೆಲ್ಲ ಹರಡಿತು.

ಅವರು ಆಷಾಢದಲ್ಲಿ ಮೈಸೂರಿಗೆ ಬಂದಿದ್ದರೂ ಇದೇ ಹೊಳೆಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬಿಲ್ಲೆಯ ಬದಲು ಇಲ್ಲಿ ಬಸ್ಸಿನ ಸೀಟು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಬೆಟ್ಟದ ಮೇಲೆ ಧರ್ಮದರ್ಶನದ ಸಾಲೂ ಇದೆ, ದುಡ್ಡು ಕೊಟ್ಟವರ ವಿಶೇಷ ಸಾಲೂ ಇದೆ. ಒಳಗೆ ಎಷ್ಟು ಜನ ಎಂಬುದಕ್ಕೆ ಮಿತಿ ಹಾಕಿದ ಕೂಡಲೇ ಯಾರು ಮೊದಲು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಗಣಿತದಲ್ಲಿ ಉತ್ತರವಿಲ್ಲ.

ಕರ್ನಾಟಕದಲ್ಲೇ ಆ ಪ್ರಶ್ನೆಗೆ ಸಾಫ್ಟ್‌ವೇರ್ ಮೂಲಕ ಉತ್ತರ ಕೊಟ್ಟ ಉದಾಹರಣೆ ಇದೆ, ಭೂಮಿ ಯೋಜನೆ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಬರೆದ ಸಾಫ್ಟ್‌ವೇರಿನಿಂದ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. 2002ರ ಹೊತ್ತಿಗೆ 177 ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಎಲ್ಲರೂ ನೆನೆಯುವುದು ಆ 15 ರೂಪಾಯಿಯನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಖಾತೆ ಬದಲಾವಣೆಯ ಅರ್ಜಿಗಳಿಗೆ ಹಾಕಿದ ಕಟ್ಟುಪಾಡು. ಮೊದಲು ಬಂದ ಅರ್ಜಿ ಮೊದಲು ಮುಂದೆ ಹೋಗಬೇಕು. ಗುಮಾಸ್ತರು ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು, ಹೋದ ಮೇಲೆ ಸಾಲು ಮುರಿದು ತಮಗೆ ಬೇಕಾದವರ ಅರ್ಜಿ ಎತ್ತಿಕೊಳ್ಳಲು ಸಾಫ್ಟ್‌ವೇರ್ ಬಿಡುವುದಿಲ್ಲ. ತಕರಾರಿಗೆಂದು ಕಾನೂನು ಆಗ ಕೊಟ್ಟಿದ್ದ 30 ದಿನದ ಅವಧಿ ಎಲ್ಲರಿಗೂ ಒಂದೇ ಆಗಿತ್ತು. ಇದೊಂದು ನಮ್ಮ ಕಡೆಯವರದು, ಬೇಗ ಮಾಡಿಕೊಡಿ ಎಂಬ ಮಾತಿಗೆ ಕಚೇರಿಯಲ್ಲಿ ಜಾಗವಿಲ್ಲದಂತೆ ಮಾಡಿದ ಆ ಕೆಲವು ಸಾಲು ಕೋಡು ನಾಡಿನ ರೈತನಿಗೆ ಸಿಕ್ಕ ಘನತೆ.

ಹಾಗಾದರೆ ಎಕ್ಸ್‌ಐಟಿಯಲ್ಲಿ ಬಂದ ಸಾಲಿನ ಪ್ರಕಾರವೇ ಏಕೆ ತೆಗೆದುಕೊಳ್ಳಲಿಲ್ಲ? ಅಲ್ಲಿ ಕೇಳುವ ನಾಲ್ವರೂ ಒಂದೇ ಮನೆಯವರು, ಬಲದಲ್ಲಿ ಸಮಾನರು, ಎಲ್ಲರ ಗುರಿಯೂ ಒಂದೇ ಕಂಪನಿಯ ಲಾಭ. ಅವರು ಕುಳಿತು ಮಾತಾಡಿ ಆರಿಸಬಹುದು, ಆರಿಸಬೇಕು ಕೂಡ. ತಾಲ್ಲೂಕು ಕಚೇರಿಯ ಮುಂದೆ ನಿಂತ ಎರಡೆಕರೆ ಹಿಡುವಳಿದಾರನಿಗೂ ಐವತ್ತೆಕರೆ ಧಣಿಗೂ ಅಂಥ ಸಮಾನತೆ ಇಲ್ಲ. ಅಲ್ಲಿ ಆರಿಸುವ ಅಧಿಕಾರವನ್ನು ಯಾರ ಕೈಗೆ ಕೊಟ್ಟರೂ ಅದು ದೊಡ್ಡವರ ಕಡೆಗೇ ವಾಲುತ್ತದೆ. ಹಾಗಾಗಿ ಮಿತಿ ಹಾಕುವ ಯಾವ ತಂಡವೂ ಮೊದಲು ನೋಡಬೇಕಾದದ್ದು ಹೊರಗೆ ನಿಂತವರು ಯಾರು, ಅವರ ನಡುವೆ ಬಲದ ಅಂತರ ಎಷ್ಟು ಎಂಬುದನ್ನು. ಒಳಬಳಕೆಯ ಸಾಧನಕ್ಕೂ ಇದು ಅನ್ವಯಿಸುತ್ತದೆ. ಕೇಳುವವರಲ್ಲಿ ಒಬ್ಬರು ಉಪಾಧ್ಯಕ್ಷರೂ ಇನ್ನೊಬ್ಬರು ಗೋದಾಮಿನ ಗುಮಾಸ್ತರೂ ಆಗಿದ್ದರೆ, ಖಾಲಿಯಾದ ಜಾಗಗಳಲ್ಲಿ ಕೆಲವನ್ನಾದರೂ ಗೋದಾಮಿಗೆಂದೇ ಮೀಸಲಿಡುವುದು ನ್ಯಾಯ.

ತುರ್ತು ಎಂಬುದೊಂದು ಇದ್ದೇ ಇರುತ್ತದೆ. ಸಂಬಳ ಜಮಾ ಆಗುವ ದಿನ ಸಾಧನ ಕೆಟ್ಟರೆ 25 ದಿನದ ಮಾತು ಕೆಲಸಕ್ಕೆ ಬಾರದು. ಮಿತಿ ಹಾಕಿಕೊಂಡ ತಂಡಗಳು ಸಾಮಾನ್ಯವಾಗಿ ತುರ್ತಿಗೆ ಒಂದೇ ಒಂದು ಜಾಗ ಇಡುತ್ತವೆ. ಅದು ತುಂಬಿದ್ದರೆ ಎರಡನೆಯ ತುರ್ತು ಕಾಯಬೇಕು. ಒಂದೇ ಜಾಗ ಎಂದು ಗೊತ್ತಾದಾಗ ಕೇಳುವವರೇ ತಮ್ಮ ತುರ್ತನ್ನು ಅಳೆದು ನೋಡಿಕೊಳ್ಳುತ್ತಾರೆ.

ಇಂದು ಮೈಸೂರಿನ ಹೆಬ್ಬಾಳದಿಂದ ಬೆಂಗಳೂರಿನ ಹೊರವರ್ತುಲ ರಸ್ತೆಯವರೆಗೆ ಎಷ್ಟೋ ಕಚೇರಿಗಳಲ್ಲಿ ಕಾನ್ಬಾನ್ ಎಂದರೆ ಪರದೆಯ ಮೇಲಿನ ಮೂರು ಕಾಲಂ. ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು. ಬಣ್ಣದ ಚೀಟಿಗಳನ್ನು ಎಡದಿಂದ ಬಲಕ್ಕೆ ಎಳೆಯುತ್ತಾರೆ. ನಡುವಿನ ಕಾಲಂನ ತಲೆಯ ಮೇಲೆ ಇರಬೇಕಾದ ಅಂಕಿ ಮಾತ್ರ ಇರುವುದಿಲ್ಲ. ಆರು ಜನರ ತಂಡದ ಆ ಕಾಲಂನಲ್ಲಿ ನಲವತ್ತು ಚೀಟಿ ಕುಳಿತಿರುತ್ತವೆ, ಪ್ರತಿಯೊಂದೂ ಯಾರಿಗೋ ಕೊಟ್ಟ ಮಾತು. ಆ ಅಂಕಿಯನ್ನು ತಂಡ ತನ್ನಷ್ಟಕ್ಕೆ ತಾನೇ ಬರೆದರೆ ಹೆಚ್ಚು ದಿನ ಉಳಿಯುವುದಿಲ್ಲ. ಮೇಲಿನವರ ಒಂದು ಫೋನಿಗೆ ಅಳಿಸಿಹೋಗುತ್ತದೆ. ಡ್ರಾಗೋಸ್ ಹೋಗಿ ಕುಳಿತದ್ದು ಕೋರಿಕೆ ತರುವ ನಾಲ್ವರ ಎದುರು, ತಂಡದ ಅಂಕಿಗಳನ್ನು ಅವರ ಮುಂದೆ ಹರಡಿ. ಅಂದಾಜಿಗೆ ಎಷ್ಟು ದಿನ ಹೋಗುತ್ತಿದೆ, ಅದರಲ್ಲಿ ಎಷ್ಟು ವ್ಯರ್ಥ, ನಿಮ್ಮ ಕೋರಿಕೆ ಎಷ್ಟು ದಿನ ಯಾರೂ ಮುಟ್ಟದೆ ಬಿದ್ದಿತ್ತು ಎಂಬುದನ್ನೆಲ್ಲ ಅವರೇ ನೋಡಿದರು. ಒಪ್ಪಿದ ಮೇಲೆ ಆ ಮಿತಿ ಅವರದೂ ಆಯಿತು. ಐದು ತಿಂಗಳು ಕಾಯುತ್ತಿದ್ದವರೂ ಅವರೇ ತಾನೇ.